ಮಾಷ್ಟ್ರ ಮದ್ದಿನ ಚೀಲ: ಒಂದು ಪ್ರಕರಣ ಅಧ್ಯಯನ

ರೋಗಿ 78 ವರ್ಷದ ನಿವೃತ್ತ ಮುಖ್ಯೋಪಾಧ್ಯಾಯರು. ಮನೆ ಬ್ರಹ್ಮಾವರದ ಕಡೆ. ಊರಿನವರಿಗೆಲ್ಲ ಮಾಷ್ಟ್ರು, ಹಾಗಾಗಿ ಇಲ್ಲೂ ಮಾಷ್ಟ್ರು ಅಂತಲೇ ಬರೆಯುತ್ತೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ, ಔಷಧಗಳ ವಿಷಯ ಬದಲಿಸಿಲ್ಲ. ಸಕ್ಕರೆ ಕಾಯಿಲೆ ಹನ್ನೆರಡು ವರ್ಷದಿಂದ ಇತ್ತು, ಬಿ.ಪಿ. ಅದಕ್ಕೂ ಹಿಂದಿನಿಂದ. ಪ್ರಾಸ್ಟೇಟ್ ಗ್ರಂಥಿ ಸ್ವಲ್ಪ ದೊಡ್ಡದಾಗಿತ್ತು. ಎರಡು ವರ್ಷದ ಹಿಂದಿನವರೆಗೂ ಸಂತೆಕಟ್ಟೆ ಸಂತೆಗೆ ತಾವೇ ಬಸ್ಸು ಹತ್ತಿ ಹೋಗಿ ಬರುತ್ತಿದ್ದರು.

ಜೂನ್ ತಿಂಗಳು, ಮಳೆ ಶುರುವಾಗಿ ಒಂದು ವಾರ. ಅವರನ್ನು ಆಟೋದಲ್ಲಿ ಮಲಗಿಸಿಕೊಂಡು ಉಡುಪಿಗೆ ಕರೆತಂದರು. ಎರಡು ದಿನದಿಂದ ಮಾತು ತಪ್ಪುತ್ತಿತ್ತು. ರಾತ್ರಿ ಎದ್ದು "ಶಾಲೆಗೆ ಹೊತ್ತಾಯ್ತು, ಅಂಗಿ ಎಲ್ಲಿ" ಎಂದು ಹೆಂಡತಿಯನ್ನು ಗದರಿಸಿದ್ದರು. ಗೋಡೆಯ ಮೇಲೆ ಇರುವೆ ಸಾಲು ಹೋಗುತ್ತಿದೆ ಎಂದು ಕೈಯಲ್ಲಿ ಒರೆಸುತ್ತಿದ್ದರು. ಮನೆಯವರು ಲಕ್ವ ಹೊಡೆದಿದೆ ಅಂದುಕೊಂಡಿದ್ದರು. ಮಂಗಳೂರಿನಲ್ಲಿರುವ ಮಗಳು ಫೋನಿನಲ್ಲಿ "ಮರೆವಿನ ಕಾಯಿಲೆ ಜೋರಾಗಿದೆ ಡಾಕ್ಟ್ರೇ" ಎಂದರು.

ಕೈಕಾಲಿನ ಬಲ ಎರಡೂ ಕಡೆ ಸಮ ಇತ್ತು. ನಾಡಿ ನಿಮಿಷಕ್ಕೆ 112. ಜ್ವರ ಇರಲಿಲ್ಲ. ನಾಲಿಗೆ ಮರದ ಚಕ್ಕೆಯಷ್ಟು ಒಣಗಿತ್ತು, ಕಂಕುಳಲ್ಲೂ ಬೆವರಿನ ಪಸೆ ಇಲ್ಲ. ಕಣ್ಣಿನ ಪಾಪೆ ಹಿಗ್ಗಿತ್ತು. ಹೊಟ್ಟೆಯ ಕೆಳಭಾಗ ಉಬ್ಬಿತ್ತು, ಒತ್ತಿದರೆ ನರಳುತ್ತಿದ್ದರು. ಮೂತ್ರ ಕಟ್ಟಿತ್ತು. ಕ್ಯಾಥೆಟರ್ ಹಾಕಿದಾಗ 900 ಮಿ.ಲೀ. ಹೊರಗೆ ಬಂತು. ಹೊಟ್ಟೆ ಖಾಲಿಯಾಗಿ ಐದು ದಿನ ಕಳೆದಿತ್ತು. ತಲೆಯ ಸ್ಕ್ಯಾನ್‌ನಲ್ಲಿ ವಯಸ್ಸಿಗೆ ತಕ್ಕ ಬದಲಾವಣೆ ಬಿಟ್ಟರೆ ಏನೂ ಕಾಣಲಿಲ್ಲ. ಮೂತ್ರದಲ್ಲಿ ಸೋಂಕಿಲ್ಲ, ಸೋಡಿಯಂ ಸರಿ ಇದೆ, ಸಕ್ಕರೆ ವಿಪರೀತ ಏರಿಲ್ಲ. ಮೂತ್ರಪಿಂಡದ ಕೆಲಸ ಹೇಗಿದೆ ಎಂದು ತೋರಿಸುವ ಕ್ರಿಯೇಟಿನಿನ್ 1.6 ಇದ್ದದ್ದು ಮೂತ್ರ ಇಳಿದ ಮೇಲೆ ಎರಡು ದಿನದಲ್ಲಿ 1.1ಕ್ಕೆ ಬಂತು.

ಸನ್ನಿ ಹಿಡಿದ ವೃದ್ಧರಲ್ಲಿ ಮೊದಲು ಸೋಂಕು ಹುಡುಕುತ್ತೇವೆ. ಅದು ಸರಿಯೇ. ಆದರೆ ಒಣ ಬಾಯಿ, ಒಣ ಚರ್ಮ, ದೊಡ್ಡ ಪಾಪೆ, ಓಡುವ ನಾಡಿ, ಕಟ್ಟಿದ ಮೂತ್ರ, ನಿಂತ ಕರುಳು, ಜೊತೆಗೆ ಇಲ್ಲದ್ದು ಕಾಣುವುದು, ಇಷ್ಟೂ ಒಬ್ಬರಲ್ಲೇ ಸೇರಿದರೆ ದೇಹದಲ್ಲಿ ನರಗಳ ಸಂದೇಶ ಸಾಗಿಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸಕ್ಕೆ ಏನೋ ಅಡ್ಡ ಬಂದಿದೆ ಎಂದೇ ಲೆಕ್ಕ. ನಮ್ಮ ಕಡೆ ಬೇಲಿ ಬದಿಯಲ್ಲಿ ಬೆಳೆಯುವ ಉಮ್ಮತ್ತದ ಕಾಯಿ ತಿಂದವರಿಗೂ ಹೀಗೇ ಆಗುತ್ತದೆ. ಅದರಲ್ಲಿರುವುದು ಅಟ್ರೋಪಿನ್ ಮತ್ತು ಹಯೋಸಿನ್. ಮಾಷ್ಟ್ರು ಉಮ್ಮತ್ತ ತಿಂದಿರಲಿಲ್ಲ. ಹಾಗಾದರೆ ಮದ್ದಿನ ಚೀಲ ನೋಡಬೇಕು.

ಚೀಲ ತರಿಸಿದೆವು. ಬಟ್ಟೆ ಅಂಗಡಿಯ ದೊಡ್ಡ ಪ್ಲಾಸ್ಟಿಕ್ ಚೀಲ, ಅದರೊಳಗೆ ಸ್ಟ್ರಿಪ್‌ಗಳು, ಚೀಟಿಗಳು, ಹಳೇ ಬಿಲ್ಲುಗಳು. ಚೀಟಿಗಳಲ್ಲಿ ಮೂವರು ಡಾಕ್ಟರರ ಹೆಸರು, ಉಡುಪಿಯ ಒಬ್ಬರು, ಮಂಗಳೂರಿನ ಇಬ್ಬರು. ಮಣಿಪಾಲದಲ್ಲಿ 1953ರಲ್ಲಿ, ಮಂಗಳೂರಿನಲ್ಲಿ 1955ರಲ್ಲಿ ವೈದ್ಯಕೀಯ ಕಾಲೇಜು ಶುರುವಾದ ಕರಾವಳಿ ಇದು. ತಜ್ಞರಿಗೆ ಇಲ್ಲಿ ಬರ ಇಲ್ಲ. ಮೂತ್ರದ ಡಾಕ್ಟ್ರು, ನರದ ಡಾಕ್ಟ್ರು, ಹೊಟ್ಟೆ ಡಾಕ್ಟ್ರು ಎಲ್ಲರೂ ಒಂದು ಬಸ್ಸಿನ ದೂರದಲ್ಲಿ ಸಿಗುತ್ತಾರೆ. ಇದು ನಮ್ಮ ಭಾಗ್ಯವೇ. ಆದರೆ ಎಲ್ಲ ಚೀಟಿಗಳನ್ನು ಒಂದೇ ಮೇಜಿನ ಮೇಲೆ ಹರಡಿ ನೋಡುವವರು ಮಾತ್ರ ಯಾರೂ ಇರುವುದಿಲ್ಲ.

ಮಗಳು ಮಂಗಳೂರಿನಿಂದ ಬಂದ ಮೇಲೆ ಚೀಟಿಗಳನ್ನು ತಾರೀಕಿನ ಪ್ರಕಾರ ಜೋಡಿಸಿದರು. ಅಲ್ಲಿಂದ ಕಥೆ ತನ್ನಷ್ಟಕ್ಕೆ ಬಿಡಿಸಿಕೊಂಡಿತು.

ಎರಡು ವರ್ಷದ ಹಿಂದೆ ಪಾದ ಉರಿ ಎಂದು ರಾತ್ರಿ ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂ. ಶುರುವಾಗಿತ್ತು. ಸಕ್ಕರೆ ಕಾಯಿಲೆಯ ಪಾದ ಉರಿಗೆ ಇದನ್ನು ಎಲ್ಲ ಕಡೆ ಕೊಡುತ್ತಾರೆ. ಒಂದೂವರೆ ವರ್ಷದ ಹಿಂದೆ ಗ್ಯಾಸ್, ಹೊಟ್ಟೆ ಉಬ್ಬರ. ಅದಕ್ಕೆ ರಾಬೆಪ್ರಜೋಲ್ ಜೊತೆ ಲೆವೊಸಲ್ಪಿರೈಡ್ ಸೇರಿದ ಕ್ಯಾಪ್ಸೂಲ್. ಚೀಟಿಯಲ್ಲಿ "15 ದಿನ" ಎಂದೇ ಬರೆದಿತ್ತು. ಆದರೆ ಬೆಳಗ್ಗೆ ಅದನ್ನು ನುಂಗಿದರೆ ಹೊಟ್ಟೆ ಹಗುರ ಅನ್ನಿಸುತ್ತಿತ್ತಂತೆ. ಹಾಗಾಗಿ ಖಾಲಿ ಸ್ಟ್ರಿಪ್ ತೋರಿಸಿ ಮೆಡಿಕಲ್‌ನಿಂದ ತರಿಸುತ್ತಲೇ ಇದ್ದರು.

ಸುಮಾರು ಎಂಟು ತಿಂಗಳಾದ ಮೇಲೆ ಕೈನಡುಕ ಬಂತು. ನಡಿಗೆ ನಿಧಾನವಾಯಿತು, ಕಾಲು ಎಳೆದು ಹಾಕತೊಡಗಿದರು, ಸಹಿ ಚಿಕ್ಕದಾಯಿತು. ಅದಕ್ಕೆ ಟ್ರೈಹೆಕ್ಸಿಫೆನಿಡಿಲ್ 2 ಮಿ.ಗ್ರಾಂ. ದಿನಕ್ಕೆ ಮೂರು ಸಲ. ನಡುಕ ಸ್ವಲ್ಪ ಇಳಿಯಿತು. ಆದರೆ ಎರಡೇ ತಿಂಗಳಲ್ಲಿ ಮರೆವು ಶುರು. ಮೊಮ್ಮಗನ ಹೆಸರು ತಪ್ಪಿತು, ಸಂಜೆ ಮಾಡಿದ ಊಟ ರಾತ್ರಿ ನೆನಪಿಲ್ಲ. ಮಾರ್ಚ್‌ನಲ್ಲಿ ಡೊನೆಪೆಜಿಲ್ 5 ಮಿ.ಗ್ರಾಂ. ಸೇರಿತು. ಅದಾದ ಕೆಲವೇ ವಾರಕ್ಕೆ ಮೂತ್ರ ತಡೆಯಲಾಗದೆ ಲುಂಗಿ ಒದ್ದೆಯಾಗತೊಡಗಿತು. ಪ್ರಾಸ್ಟೇಟ್‌ಗೆ ಮೊದಲಿಂದ ಇದ್ದ ಟಾಮ್ಸುಲೋಸಿನ್ ಜೊತೆ ಮೇ ತಿಂಗಳಲ್ಲಿ ಸೋಲಿಫೆನಾಸಿನ್ 5 ಮಿ.ಗ್ರಾಂ. ಬಂತು.

ಒಂದೊಂದು ಚೀಟಿಯನ್ನೂ ಬೇರೆಬೇರೆಯಾಗಿ ನೋಡಿದರೆ ಯಾವುದೂ ತಲೆಬುಡ ಇಲ್ಲದ್ದಲ್ಲ. ನಡುಕಕ್ಕೆ ನಡುಕದ ಮದ್ದು, ಮರೆವಿಗೆ ಮರೆವಿನ ಮದ್ದು. ಸಾಲಾಗಿ ಇಟ್ಟರೆ ಮಾತ್ರ ಗೊತ್ತಾಗುತ್ತದೆ. ಲೆವೊಸಲ್ಪಿರೈಡ್, ಮೆದುಳಿನಲ್ಲಿ ಕೈಕಾಲಿನ ಚಲನೆ ಹಿಡಿತದಲ್ಲಿಡುವ ಡೋಪಮಿನ್ ಎಂಬ ರಾಸಾಯನಿಕವನ್ನು ತಡೆಯುವ ಔಷಧ. ತಿಂಗಳುಗಟ್ಟಲೆ ತಗೊಂಡರೆ, ಅದರಲ್ಲೂ ವಯಸ್ಸಾದವರಲ್ಲಿ, ಪಾರ್ಕಿನ್ಸನ್ ತರದ್ದೇ ನಡುಕ ಮತ್ತು ಬಿಗಿತ ತರಬಲ್ಲದು. ಆ ನಡುಕಕ್ಕೆ ಕೊಟ್ಟ ಟ್ರೈಹೆಕ್ಸಿಫೆನಿಡಿಲ್ ಮೆದುಳಿಗೆ ಚೆನ್ನಾಗಿ ದಾಟುತ್ತದೆ, ಅಸಿಟೈಲ್‌ಕೋಲಿನ್ ತಡೆದು ನೆನಪು ಕೆಡಿಸುತ್ತದೆ. ಆ ಮರೆವಿಗೆ ಕೊಟ್ಟ ಡೊನೆಪೆಜಿಲ್ ಅಸಿಟೈಲ್‌ಕೋಲಿನ್ ಹೆಚ್ಚಿಸುತ್ತದೆ, ಮೂತ್ರಕೋಶ ಅವಸರ ಮಾಡುತ್ತದೆ. ಆ ಅವಸರಕ್ಕೆ ಕೊಟ್ಟ ಸೋಲಿಫೆನಾಸಿನ್ ಮತ್ತೆ ಅದನ್ನೇ ತಡೆಯುತ್ತದೆ. ಗದ್ದೆಗೆ ಒಂದು ಕಡೆಯಿಂದ ನೀರು ಬಿಡುತ್ತಾ ಇನ್ನೊಂದು ಕಡೆ ಬದು ಕಡಿದ ಹಾಗೆ. ಒಂದು ಔಷಧದ ತೊಂದರೆಯನ್ನು ಹೊಸ ಕಾಯಿಲೆ ಎಂದುಕೊಂಡು ಮತ್ತೊಂದು ಔಷಧ ಬರೆಯುವ ಈ ಸರಪಳಿಯ ಬಗ್ಗೆ ವೈದ್ಯಕೀಯ ಪತ್ರಿಕೆಗಳು 1990ರ ದಶಕದಿಂದಲೇ ಎಚ್ಚರಿಸುತ್ತಾ ಬಂದಿವೆ. ಡೊನೆಪೆಜಿಲ್ ಆದ ಮೇಲೆ ಮೂತ್ರದ ಮದ್ದು ಸೇರುವುದು ಅದರಲ್ಲಿ ಚೆನ್ನಾಗಿ ಗೊತ್ತಿರುವ ಉದಾಹರಣೆ.

ಇಷ್ಟಿದ್ದರೂ ಮಾಷ್ಟ್ರು ಮೇ ಕೊನೆಯವರೆಗೆ ಹೇಗೋ ಎದ್ದು ಓಡಾಡಿಕೊಂಡಿದ್ದರು. ಜೂನ್‌ನಲ್ಲಿ ಆ ಎರಡೇ ದಿನದಲ್ಲಿ ಆದದ್ದೇನು?

"ಮದ್ದು ಬೇರೆ ಏನಾದ್ರೂ ಕೊಟ್ಟಿದ್ರಾ ಅಮ್ಮ?" ಎಂದು ಹೆಂಡತಿಯನ್ನು ಕೇಳಿದೆ. "ಇಲ್ಲ, ಇದಿಷ್ಟೇ" ಎಂದರು. ಈ ಪ್ರಶ್ನೆಗೆ ಬರುವ ಉತ್ತರವನ್ನು ಅಷ್ಟಕ್ಕೇ ನಂಬಬಾರದು. ಜನ ಸುಳ್ಳು ಹೇಳುವುದಿಲ್ಲ, ಆದರೆ ಡಾಕ್ಟ್ರು ಬರೆದದ್ದು ಮಾತ್ರ ಮದ್ದು ಎಂದು ಅವರ ಲೆಕ್ಕ. ಬೇರೆ ರೀತಿ ಕೇಳಿದೆ. ಮಳೆ ಶುರುವಾದ ಮೇಲೆ ಶೀತ ಆಗಲಿಲ್ವಾ, ಆಗ ಏನು ಮಾಡಿದ್ರಿ?

"ಒಳ್ಳೆಮೆಣಸಿನ ಕಷಾಯ ಮಾಡಿ ಕೊಟ್ಟೆ. ಬಿಡ್ಲಿಲ್ಲ. ಆಮೇಲೆ ಮೆಡಿಕಲ್‌ನಿಂದ ಸಿರಪ್ ತರಿಸಿದೆ. ಅದು ಬರೀ ಶೀತದ್ದು."

ಬರೀ ಶೀತದ್ದರಲ್ಲಿ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಇತ್ತು. ದಿನಕ್ಕೆ ಮೂರು ಸಲ ಎರಡೆರಡು ಚಮಚ, ಮೂರು ದಿನ. ಕ್ಲೋರ್‌ಫೆನಿರಮಿನ್ ಮೂತ್ರಕೋಶವನ್ನು ಹಿಂಡುವ ಸ್ನಾಯುವನ್ನು ಸಡಿಲ ಮಾಡುತ್ತದೆ. ಕಟ್ಟಿದ ಮೂಗು ಬಿಡಿಸಲೆಂದು ಹಾಕುವ ಫಿನೈಲೆಫ್ರಿನ್ ಮೂತ್ರಕೋಶದ ಬಾಯನ್ನು ಬಿಗಿ ಮಾಡುತ್ತದೆ. ಚೀಲ ಸಡಿಲ, ಬಾಯಿ ಬಿಗಿ, ನಡುವೆ ದೊಡ್ಡ ಪ್ರಾಸ್ಟೇಟ್. ಮೂತ್ರ ಎಲ್ಲಿಂದ ಬರಬೇಕು?

ಅಸಿಟೈಲ್‌ಕೋಲಿನ್ ತಡೆಯುವ ಔಷಧಗಳಿಗೆ 1ರಿಂದ 3ರವರೆಗೆ ಅಂಕ ಕೊಡುವ ಒಂದು ಪಟ್ಟಿ ಬಳಕೆಯಲ್ಲಿದೆ. 2008ರಲ್ಲಿ ಅಮೆರಿಕದಲ್ಲಿ ಮಾಡಿದ್ದು, 2012ರಲ್ಲಿ ಪರಿಷ್ಕರಿಸಿದ್ದು. ಒಟ್ಟು 3 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎಚ್ಚರ ಬೇಕು. ಮಾಷ್ಟ್ರ ಲೆಕ್ಕದಲ್ಲಿ ಅಮಿಟ್ರಿಪ್ಟಿಲಿನ್, ಟ್ರೈಹೆಕ್ಸಿಫೆನಿಡಿಲ್, ಸೋಲಿಫೆನಾಸಿನ್, ಕ್ಲೋರ್‌ಫೆನಿರಮಿನ್, ನಾಲ್ಕಕ್ಕೂ ಮೂರು ಮೂರು. ಒಟ್ಟು 12. ಪಟ್ಟಿ ಒಳ್ಳೆಯದೇ, ಆದರೆ ಅದನ್ನೇ ನೆಚ್ಚಿಕೊಂಡರೆ ಕಷ್ಟ. 10 ಮಿ.ಗ್ರಾಂ. ಅಮಿಟ್ರಿಪ್ಟಿಲಿನ್‌ಗೂ 75 ಮಿ.ಗ್ರಾಂ.ಗೂ ಅದು ಅದೇ ಮೂರು ಕೊಡುತ್ತದೆ. ಇನ್ನು ಇಡೀ ಸರಪಳಿಯ ಬೇರಾಗಿದ್ದ ಲೆವೊಸಲ್ಪಿರೈಡ್ ಆ ಪಟ್ಟಿಯಲ್ಲೇ ಇಲ್ಲ. ಅಂಕ ಕೂಡಿಸುವುದಕ್ಕಿಂತ ತಾರೀಕು ಜೋಡಿಸಿದ್ದೇ ಇಲ್ಲಿ ಜಾಸ್ತಿ ಕೆಲಸಕ್ಕೆ ಬಂತು.

ಈಗ ಬಿಡಿಸುವ ಕೆಲಸ. "ಎಲ್ಲ ನಿಲ್ಲಿಸಿಬಿಡಿ ಡಾಕ್ಟ್ರೇ" ಎಂದರು ಮಗಳು. ಸಿಟ್ಟಿನಲ್ಲಿ ಹಾಗೆ ಅನ್ನಿಸುವುದು ಸಹಜ. ಆದರೆ ತಿಂಗಳುಗಟ್ಟಲೆ ತಡೆ ಹಾಕಿಸಿಕೊಂಡ ದೇಹ ತಡೆ ಒಮ್ಮೆಗೇ ಹೋದರೆ ತಿರುಗಿ ಬೀಳುತ್ತದೆ. ವಾಕರಿಕೆ, ಬೆವರು, ನಿದ್ದೆಗೇಡು, ಕಳವಳ, ನಡುಕ ಮೊದಲಿಗಿಂತ ಜೋರು. ಇವರಲ್ಲಿ ಇನ್ನೊಂದು ತೊಡಕಿತ್ತು. ತಡೆಯುವ ಔಷಧಗಳನ್ನೆಲ್ಲ ತೆಗೆದು ಡೊನೆಪೆಜಿಲ್ ಒಂದನ್ನೇ ಉಳಿಸಿದರೆ ಅದರ ಪೂರ್ತಿ ಜೋರು ಆಗ ಕಾಣಿಸುತ್ತದೆ. ನಾಡಿ ತೀರಾ ನಿಧಾನವಾಗಬಹುದು, ತಲೆ ಸುತ್ತಿ ಬೀಳಬಹುದು, ಭೇದಿಯಾಗಬಹುದು. ಹಾಗಾಗಿ ಯಾವುದು ಮೊದಲು ಎನ್ನುವುದೇ ಇಲ್ಲಿ ಚಿಕಿತ್ಸೆ.

ಮೊದಲ ದಿನವೇ ಶೀತದ ಸಿರಪ್ ಮತ್ತು ಸೋಲಿಫೆನಾಸಿನ್ ನಿಲ್ಲಿಸಿದೆವು. ಎರಡೂ ಹೊಸತು, ಇಳಿಸುತ್ತಾ ಕೂರುವ ಅಗತ್ಯ ಇಲ್ಲ. ಲೆವೊಸಲ್ಪಿರೈಡ್ ಅಂದೇ ಬಂತು ಹೊರಗೆ. ಡೊನೆಪೆಜಿಲ್ ಕೂಡ ನಿಲ್ಲಿಸಿದೆವು. ಮರೆವಿನ ಕಾಯಿಲೆ ಎಂದು ತೀರ್ಮಾನಿಸಿದ್ದೇ ಟ್ರೈಹೆಕ್ಸಿಫೆನಿಡಿಲ್ ಕುಡಿದ ಮೆದುಳನ್ನು ನೋಡಿ. ಮದ್ದು ಇಳಿದ ಮೇಲೆ ಮತ್ತೆ ನೋಡೋಣ, ಬೇಕಿದ್ದರೆ ಶುರು ಮಾಡಿದರಾಯಿತು. ಅದರ ಅರ್ಧ ಭಾಗ ರಕ್ತದಿಂದ ಕರಗಲು 70 ಗಂಟೆ ಬೇಕು, ಹಾಗಾಗಿ ನಿಲ್ಲಿಸಿದರೂ ಅದು ತಾನಾಗಿ ಮೆಲ್ಲನೆ ಇಳಿಯುತ್ತದೆ. ಟ್ರೈಹೆಕ್ಸಿಫೆನಿಡಿಲ್ ಮಾತ್ರ ಕಷ್ಟದ ಲೆಕ್ಕ. ಆರಾಮಾಗಿರುವವರಲ್ಲಾದರೆ ವಾರಕ್ಕೋ ಎರಡು ವಾರಕ್ಕೋ ಒಂದೊಂದು ಮಾತ್ರೆ ಕಡಿಮೆ ಮಾಡುತ್ತೇವೆ. ಇಲ್ಲಿ ಸನ್ನಿಯೇ ಹಿಡಿದಿತ್ತು. ಮೂರರಿಂದ ಒಂದಕ್ಕೆ ಮೊದಲ ದಿನವೇ ಇಳಿಸಿ, ಉಳಿದ ಒಂದನ್ನು ಅರ್ಧ ಮಾಡಿ ಎರಡು ವಾರದಲ್ಲಿ ಪೂರ್ತಿ ಬಿಡಿಸಿದೆವು. ಅಮಿಟ್ರಿಪ್ಟಿಲಿನ್ ಕೊನೆಗೆ ಇಟ್ಟುಕೊಂಡೆವು. ಡೋಸ್ ಕಡಿಮೆ, ಪಾದ ಉರಿ ನಿಜ, ಒಂದೇ ಸಲ ಎಲ್ಲ ಕಡೆ ಕೈಹಾಕಿದರೆ ಯಾವುದರಿಂದ ಏನಾಯಿತು ಎಂದೇ ಗೊತ್ತಾಗುವುದಿಲ್ಲ.

ಎರಡನೇ ರಾತ್ರಿ ಮಾಷ್ಟ್ರು ಕ್ಯಾಥೆಟರ್ ಎಳೆದುಕೊಳ್ಳಲು ನೋಡಿದರು. ಗಲಾಟೆ ಮಾಡುವ ರೋಗಿಗೆ ಹ್ಯಾಲೊಪೆರಿಡಾಲ್ ಮತ್ತು ಪ್ರೊಮೆಥಜಿನ್ ಸೇರಿಸಿ ಇಂಜೆಕ್ಷನ್ ಕೊಡುವುದು ನಮ್ಮಲ್ಲಿ ಅನೇಕ ಕಡೆ ರೂಢಿ. ಇವರಿಗೆ ಎರಡೂ ಬೇಡ ಎಂದು ಕೇಸ್ ಶೀಟಿನ ಮೇಲೆ ದೊಡ್ಡದಾಗಿ ಮೊದಲೇ ಬರೆದಿಟ್ಟಿದ್ದೆ. ಹ್ಯಾಲೊಪೆರಿಡಾಲ್ ಡೋಪಮಿನ್ ತಡೆದು ಬಿಗಿತ ಹೆಚ್ಚಿಸುತ್ತದೆ. ಪ್ರೊಮೆಥಜಿನ್‌ಗೆ ಆ ಪಟ್ಟಿಯಲ್ಲಿ ಪೂರ್ತಿ ಮೂರು ಅಂಕ. ಅದನ್ನು ಕೊಟ್ಟರೆ ಉರಿಯುವ ಬೆಂಕಿಗೆ ಎಣ್ಣೆಯೇ. ಬದಲಿಗೆ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿದೆವು. ಮನೆಯಲ್ಲೇ ಬಿಟ್ಟು ಬಂದ ಕನ್ನಡಕ ತರಿಸಿದೆವು. ಕಿಟಕಿ ಬದಿಯ ಮಂಚ ಕೊಟ್ಟು, ರಾತ್ರಿ ಸಣ್ಣ ದೀಪ ಉರಿಸಿಟ್ಟೆವು. ಕ್ಯಾಥೆಟರ್ ಪೈಪನ್ನು ಕಾಲಿಗೆ ಅಂಟಿಸಿ ಲುಂಗಿಯೊಳಗೆ ಮರೆ ಮಾಡಿದೆವು. ಇದೆಲ್ಲ ಕೇಳಲು ಸಣ್ಣ ವಿಷಯ ಅನ್ನಿಸುತ್ತದೆ. ಆದರೆ ಕನ್ನಡಕ ಬಂದ ಮೇಲೆ ಗೋಡೆಯ ಇರುವೆಗಳು ನಿಜಕ್ಕೂ ಕಡಿಮೆಯಾದವು.

ಮೂರನೇ ದಿನವೂ ಗೊಂದಲ ಹಾಗೇ ಇತ್ತು, ಮನೆಯವರು ಕಂಗಾಲು. ಸೋಲಿಫೆನಾಸಿನ್ ಅರ್ಧ ಕರಗಲು ಎರಡು ದಿನದ ಮೇಲೆ ಬೇಕು, ವಯಸ್ಸಾದವರಲ್ಲಿ ಇನ್ನೂ ನಿಧಾನ ಎಂದು ಸಮಾಧಾನ ಹೇಳಬೇಕಾಯಿತು. ಐದನೇ ದಿನ ಬೆಳಗ್ಗೆ "ಇವತ್ತು ಯಾವ ವಾರ?" ಎಂದು ಅವರೇ ಕೇಳಿದರು. ಎನಿಮಾ ಮತ್ತು ಲ್ಯಾಕ್ಟುಲೋಸ್‌ನಿಂದ ಹೊಟ್ಟೆ ಖಾಲಿಯಾದದ್ದೂ ಅದೇ ಹೊತ್ತಿಗೆ. ಕಟ್ಟಿದ ಹೊಟ್ಟೆ ಮೂತ್ರವನ್ನೂ ತಡೆಯುತ್ತದೆ, ತಲೆಯನ್ನೂ ಕೆಡಿಸುತ್ತದೆ, ಅದನ್ನು ಬಿಟ್ಟು ಬರೀ ಮಾತ್ರೆ ಎಣಿಸಿದರೆ ಆಗುವುದಿಲ್ಲ. ಕ್ಯಾಥೆಟರ್ ಮೊದಲ ಸಲ ತೆಗೆದಾಗ ಮತ್ತೆ ಮೂತ್ರ ಕಟ್ಟಿತು. ಟಾಮ್ಸುಲೋಸಿನ್ ಮುಂದುವರಿಸಿ ಒಂದು ವಾರ ಬಿಟ್ಟು ಎರಡನೇ ಸಲ ತೆಗೆದಾಗ ಸರಾಗವಾಯಿತು.

ಪಾದ ಉರಿಯ ಬಗ್ಗೆ ಒಂದು ಮಾತು. ಸಕ್ಕರೆ ಕಾಯಿಲೆಗೆ ಹನ್ನೆರಡು ವರ್ಷ ಮೆಟ್‌ಫಾರ್ಮಿನ್, ಅದರ ಮೇಲೆ ಸಸ್ಯಾಹಾರ. ರಕ್ತದಲ್ಲಿ ವಿಟಮಿನ್ ಬಿ12 ಎಷ್ಟಿದೆ ಎಂದು ಯಾರೂ ನೋಡಿರಲಿಲ್ಲ. ನೋಡಿದಾಗ ತೀರಾ ಕಡಿಮೆ ಇತ್ತು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಲ್ಲಿ ಬಿ12 ಇಳಿಯುವುದು ಗೊತ್ತಿರುವ ವಿಷಯ. ಅದು ಇಳಿದರೆ ಪಾದವೂ ಉರಿಯುತ್ತದೆ, ನೆನಪೂ ಕುಗ್ಗುತ್ತದೆ. ಇಂಜೆಕ್ಷನ್ ಶುರು ಮಾಡಿದೆವು. ಎರಡು ತಿಂಗಳಾದ ಮೇಲೆ ಅಮಿಟ್ರಿಪ್ಟಿಲಿನ್ ಅನ್ನು ದಿನ ಬಿಟ್ಟು ದಿನ ಮಾಡಿ, ಆಮೇಲೆ ನಿಲ್ಲಿಸಿದೆವು. ಉರಿ ಪೂರ್ತಿ ಹೋಗಿಲ್ಲ. ಆದರೆ ಮಾತ್ರೆ ಬೇಕು ಎಂದು ಅವರು ಕೇಳಿಲ್ಲ.

ಜುಲೈ ಕೊನೆಗೆ ಒಂದು ಹಿನ್ನಡೆ. ನಡುಕ ಇಳಿಯುತ್ತಿದ್ದದ್ದು ಮತ್ತೆ ಏರಿತು. ವಿಚಾರಿಸಿದರೆ ಹೊಟ್ಟೆ ಉಬ್ಬರ ಎಂದು ಹಳೇ ಗ್ಯಾಸ್ ಕ್ಯಾಪ್ಸೂಲ್ ಮತ್ತೆ ಬಂದಿತ್ತು, ಈ ಸಲ ಬೇರೆ ಕಂಪನಿಯದ್ದು. ಬಣ್ಣ ಬೇರೆ, ಹೆಸರು ಬೇರೆ, ಹಾಗಾಗಿ ಡಾಕ್ಟ್ರು ಬೇಡ ಎಂದದ್ದು ಇದಲ್ಲ ಎಂದುಕೊಂಡಿದ್ದರು. ತಪ್ಪು ಅವರದ್ದಲ್ಲ. ನಮ್ಮಲ್ಲಿ ಒಂದೇ ಔಷಧಕ್ಕೆ ಹತ್ತಾರು ಬ್ರ್ಯಾಂಡ್ ಹೆಸರು, ಒಳಗಿರುವುದೇನು ಎಂಬುದು ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ಆಮೇಲೆ ಮಗಳು ಒಂದು ಕೆಲಸ ಮಾಡಿದರು. ಹಳೇ ಚೀಟಿಗಳಿಗೆಲ್ಲ ಅಡ್ಡಗೆರೆ ಎಳೆದು, ಬೇಡದ ಔಷಧಗಳ ಮೂಲ ಹೆಸರುಗಳನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು, ಒಂದು ಪ್ರತಿ ಮನೆಯ ಫ್ರಿಜ್ ಮೇಲೆ, ಇನ್ನೊಂದನ್ನು ಮೆಡಿಕಲ್‌ನವರ ಕೈಗೆ ಕೊಟ್ಟರು. ಆ ಹಾಳೆಯಲ್ಲಿ ನಾವು ಇನ್ನೂ ಕೆಲವು ಹೆಸರು ಸೇರಿಸಿದೆವು. ತುರಿಕೆಗೆ ಕೊಡುವ ಹೈಡ್ರಾಕ್ಸಿಜಿನ್ ಮತ್ತು ಫೆನಿರಮಿನ್, ಹೊಟ್ಟೆ ಹಿಂಡುವ ನೋವಿನ ಡೈಸೈಕ್ಲೋಮಿನ್, ಬಸ್ಸಿನಲ್ಲಿ ವಾಂತಿಯಾಗದಿರಲು ನುಂಗುವ ಡೈಮೆನ್‌ಹೈಡ್ರಿನೇಟ್, ಹಸಿವಾಗಲಿ ಎಂದು ಕೊಡುವ ಸಿಪ್ರೋಹೆಪ್ಟಡಿನ್. ತಲೆಸುತ್ತಿನ ಸಿನಾರಿಜಿನ್ ಮತ್ತು ಪ್ರೊಕ್ಲೋರ್‌ಪೆರಜಿನ್‌ಗೂ ಅಲ್ಲೇ ಜಾಗ, ಅವು ತಿಂಗಳುಗಟ್ಟಲೆ ನಡೆದರೆ ನಡುಕ ತರುತ್ತವೆ. ಶೀತಕ್ಕೆ ಕಷಾಯ, ಉಪ್ಪುನೀರಿನ ಮೂಗಿನ ಹನಿ, ಜ್ವರ ಇದ್ದರೆ ಬರೀ ಪ್ಯಾರಸಿಟಮಾಲ್.

ಮಗಳು ಇಂಟರ್ನೆಟ್‌ನಲ್ಲಿ ಓದಿ ಇನ್ನೊಂದು ಪ್ರಶ್ನೆ ತಂದಿದ್ದರು. ಈ ಮದ್ದುಗಳಿಂದ ಅಪ್ಪನಿಗೆ ಶಾಶ್ವತ ಮರೆವು ಬಂದಿರಬಹುದಾ? 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಒಂದರಲ್ಲಿ 65 ದಾಟಿದ 3,434 ಜನರನ್ನು ವರ್ಷಗಟ್ಟಲೆ ಗಮನಿಸಿದ್ದರು. ಇಂಥ ಔಷಧಗಳನ್ನು ಒಟ್ಟಾರೆ ಅತಿ ಹೆಚ್ಚು ತಗೊಂಡವರಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಜಾಸ್ತಿ ಕಂಡಿತ್ತು. 2019ರ ಬ್ರಿಟನ್ ಅಧ್ಯಯನವೂ ಅದೇ ದಿಕ್ಕಿನಲ್ಲಿದೆ. ಆದರೆ ಎರಡೂ ಬರೀ ಗಮನಿಸಿ ಹೇಳಿದ್ದು, ಔಷಧವೇ ಕಾರಣ ಎಂದು ಅವುಗಳಿಂದ ಸಾಬೀತಾಗುವುದಿಲ್ಲ. ಡಿಮೆನ್ಷಿಯಾ ಹೊರಗೆ ಕಾಣುವ ಮುಂಚೆಯೇ ಬರುವ ನಿದ್ದೆಗೇಡು, ಬೇಸರಗಳಿಗೆ ಇಂಥ ಮಾತ್ರೆ ಶುರುವಾಗಿರಲೂಬಹುದು. ಈ ಅಂಕಿಗಳನ್ನು ಹಿಡಿದು ಮನೆಯವರನ್ನು ಹೆದರಿಸುವುದು ನನಗೆ ಇಷ್ಟ ಇಲ್ಲ. ಬೀಳುವುದು, ಮೂತ್ರ ಕಟ್ಟುವುದು, ಸನ್ನಿ ಹಿಡಿಯುವುದು, ನಮ್ಮ ಏಪ್ರಿಲ್ ಸೆಕೆಯಲ್ಲಿ ಬೆವರದೆ ಮೈ ಕಾಯುವುದು, ಇವು ಈ ಹೊತ್ತಿನ ಅಪಾಯಗಳು. ಇವನ್ನು ಇಂದೇ ತಪ್ಪಿಸಬಹುದು.

ಆಸ್ಪತ್ರೆಯಿಂದ ಹೋಗುವಾಗ ಮಾಡಿದ ನೆನಪಿನ ಪರೀಕ್ಷೆಯಲ್ಲಿ ಮಾಷ್ಟ್ರಿಗೆ 30ಕ್ಕೆ 15 ಬಂದಿತ್ತು. ಅಕ್ಟೋಬರ್‌ನಲ್ಲಿ 24. ಪೂರ್ತಿ ಹಿಂದಿನ ಹಾಗೆ ಆಗಿಲ್ಲ, ಹೆಸರುಗಳು ಈಗಲೂ ತಡವಾಗಿ ಬರುತ್ತವೆ. ವರ್ಷಕ್ಕೊಮ್ಮೆ ನೋಡುತ್ತಾ ಹೋಗಬೇಕು. ಎಡಗೈ ನಡುಕ ನಿಂತಿದೆ. ಬಲಗೈಯಲ್ಲಿ ಸ್ವಲ್ಪ ಉಳಿದಿದೆ. ಲೆವೊಸಲ್ಪಿರೈಡ್‌ನ ನಡುಕ ಇಳಿಯಲು ಆರು ತಿಂಗಳ ಮೇಲೂ ಬೇಕಾಗಬಹುದು. ಒಂದೇ ಕಡೆ ಉಳಿದರೆ ಒಳಗೆ ನಿಜವಾದ ಪಾರ್ಕಿನ್ಸನ್ ಇದ್ದು ಈ ಮದ್ದು ಅದನ್ನು ಮುಂಚೆಯೇ ಹೊರಗೆ ತಂದಿರುವ ಸಾಧ್ಯತೆಯೂ ಇದೆ. ಅದಾಗಿದ್ದರೆ ಲೆವೊಡೋಪಾ ಕೊಡುತ್ತೇವೆ. ಟ್ರೈಹೆಕ್ಸಿಫೆನಿಡಿಲ್ ಕಡೆಗೆ ತಿರುಗಿ ಹೋಗುವುದಿಲ್ಲ.

ಈಗ ಅವರ ಚೀಲದಲ್ಲಿ ಬಿ.ಪಿ.ಗೆ ಅಮ್ಲೋಡಿಪಿನ್, ಮೆಟ್‌ಫಾರ್ಮಿನ್, ಟಾಮ್ಸುಲೋಸಿನ್, ತಿಂಗಳಿಗೊಂದು ಬಿ12 ಇಂಜೆಕ್ಷನ್. ಮೂತ್ರದ ಅವಸರ ಡೊನೆಪೆಜಿಲ್ ನಿಂತ ಮೇಲೆ ತಾನಾಗಿ ಇಳಿಯಿತು. ಮುಂದೆ ಮತ್ತೆ ಬಂದರೆ ಮಿರಾಬೆಗ್ರಾನ್ ಎಂಬ ಬೇರೆ ಜಾತಿಯ ಮದ್ದಿದೆ, ಅದು ಅಸಿಟೈಲ್‌ಕೋಲಿನ್ ತಂಟೆಗೆ ಹೋಗುವುದಿಲ್ಲ. ಆದರೆ ಬಿ.ಪಿ. ಏರಿಸಬಹುದು, ಮೂತ್ರ ಪೂರ್ತಿ ಖಾಲಿಯಾಗುತ್ತಿದೆಯಾ ಎಂದೂ ಮೊದಲು ನೋಡಬೇಕು. ಪ್ರಾಸ್ಟೇಟ್ ಆಪರೇಷನ್ ಮಾತು ನಡೆಯುತ್ತಿದೆ. ಅರಿವಳಿಕೆ ಡಾಕ್ಟ್ರಿಗೆ ಒಂದು ಪುಟದ ಟಿಪ್ಪಣಿ ಕಳಿಸಿದ್ದೇನೆ. ಜೊಲ್ಲು ತಡೆಯಲೋ ನಾಡಿ ಏರಿಸಲೋ ಮದ್ದು ಬೇಕಾದರೆ, ಸಾಧ್ಯವಿದ್ದಷ್ಟು ಮೆದುಳಿಗೆ ದಾಟುವ ಅಟ್ರೋಪಿನ್ ಬದಲು ದಾಟದ ಗ್ಲೈಕೊಪಿರೊಲೇಟ್ ಇರಲಿ, ಆಪರೇಷನ್ ಆದ ರಾತ್ರಿ ನಿದ್ದೆಗೆಂದು ಪ್ರೊಮೆಥಜಿನ್ ಬೇಡ, ಕನ್ನಡಕ ಮಂಚದ ಬದಿಯಲ್ಲೇ ಇರಲಿ ಎಂದು ಅದರಲ್ಲಿ ಬರೆದಿದ್ದೇನೆ.